ಕಾಣದ ಕೀಲಿಕೈ

ಸಂತೆಗೆ ಹೋದ ರೈತನೊಬ್ಬನು ಕಮ್ಮಾರನಿಂದ ಕುಡುಗೋಲೊಂದನ್ನು ಕೊಳ್ಳುತ್ತಾನೆ. ಬೆಲೆಯನ್ನು ಎಣಿಸಿ ಕೊಟ್ಟು, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಊರಿನ ದಾರಿ ಹಿಡಿದನೆಂದರೆ, ಕಮ್ಮಾರನಿಗೂ ಆ ಕುಡುಗೋಲಿಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಿತು. ಅವನು ಅದರಿಂದ ರಾಗಿಯ ತೆನೆ ಕೊಯ್ಯಬಹುದು, ದನಕ್ಕೆ ಹುಲ್ಲು ತರಬಹುದು, ಬೇಲಿಯ ಮುಳ್ಳನ್ನು ಸವರಬಹುದು. ನೆರೆಯವನ ಹೊಲದಲ್ಲಿ ಕದ್ದು ಕೊಯ್ದರೆ ಊರಿನವರು ಅವನನ್ನು ಹಿಡಿದು ಕೇಳುತ್ತಾರೆ. ಆದರೆ ಕಮ್ಮಾರನು ತನ್ನ ಕುಲುಮೆಯ ಮುಂದೆ ಕುಳಿತುಕೊಂಡೇ ಆ ಕುಡುಗೋಲಿನ ಹರಿತವನ್ನು ಮೊಂಡಾಗಿಸಲಾರನು. ಕೊಳ್ಳುವುದು ಎಂಬ ಮಾತಿಗೆ ನಮ್ಮ ಹಿರಿಯರು ತಿಳಿದಿದ್ದ ಅರ್ಥ ಇದು.

ಇಂದು ನಮ್ಮ ಜೇಬಿನಲ್ಲಿರುವ ಮೊಬೈಲ್ ದೂರವಾಣಿಯ ವಿಷಯದಲ್ಲಿ ಆ ಅರ್ಥ ಅಷ್ಟು ಸರಳವಾಗಿ ಉಳಿದಿಲ್ಲ. ದೂರವಾಣಿಯಲ್ಲಿ ಎರಡು ಭಾಗಗಳಿವೆ. ಗಾಜು, ಲೋಹ, ಬ್ಯಾಟರಿಗಳಿಂದಾದ ಯಂತ್ರ ಒಂದು. ಅದನ್ನು ನಡೆಸುವ ತಂತ್ರಾಂಶ ಇನ್ನೊಂದು. ಯಂತ್ರವನ್ನು ನಾವು ಕೊಳ್ಳುತ್ತೇವೆ. ತಂತ್ರಾಂಶವನ್ನಾದರೋ ಬಳಸಲು ಅನುಮತಿಯನ್ನಷ್ಟೇ ಪಡೆಯುತ್ತೇವೆ. ತಯಾರಕರು ಅದನ್ನು ಆಗಾಗ ತಿದ್ದಿ ಗಾಳಿಯ ಮೂಲಕವೇ ಕಳುಹಿಸುತ್ತಾರೆ. ಬಂದ ತಿದ್ದುಪಡಿಯಲ್ಲಿ ತಯಾರಕರ ಗಣಿತರೂಪದ ಮುದ್ರೆ ಇದೆಯೇ ಎಂದು ದೂರವಾಣಿ ಪರೀಕ್ಷಿಸುತ್ತದೆ; ಇದ್ದರೆ ಒಳಗೆ ಬಿಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ತಿರಸ್ಕರಿಸುತ್ತದೆ. ಕಳ್ಳರ ತಂತ್ರಾಂಶ ನುಸುಳದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಕಷ್ಟವೇ. ಆದರೆ ಮನೆಯ ಬಾಗಿಲಿಗೆ ಇಷ್ಟು ಭದ್ರವಾದ ಬೀಗವನ್ನು ಹಾಕಿಕೊಟ್ಟ ಬಡಗಿಯು ಒಂದು ಕೀಲಿಕೈಯನ್ನು ತನ್ನಲ್ಲಿಯೂ ಇಟ್ಟುಕೊಂಡಿದ್ದಾನೆ ಎಂಬುದನ್ನು ಮರೆಯಬಾರದು.

ಇಂತಹ ಕೀಲಿಕೈ ಇದೆಯೆಂಬುದನ್ನು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 2008ರಲ್ಲಿಯೇ ಒಪ್ಪಿಕೊಂಡಿದ್ದರು. ಗ್ರಾಹಕರ ಐಫೋನಿನಲ್ಲಿ ಹಾನಿಕರವಾದ ತಂತ್ರಾಂಶ ಸೇರಿಕೊಂಡರೆ ಅದನ್ನು ದೂರದಿಂದಲೇ ತೆಗೆದುಹಾಕುವ ಸೌಕರ್ಯವನ್ನು ಕಂಪನಿ ಇರಿಸಿಕೊಂಡಿದೆ, ಇರಿಸಿಕೊಳ್ಳದಿದ್ದರೆ ಹೊಣೆಗೇಡಿತನವಾಗುತ್ತಿತ್ತು ಎಂಬುದು ಅವರ ವಾದ. ಮಾತು ಸುಳ್ಳಲ್ಲ. 2011ರಲ್ಲಿ ಗೂಗಲ್ ಕಂಪನಿಯು ಆಂಡ್ರಾಯ್ಡ್ ದೂರವಾಣಿಗಳಿಗೆ ತಗುಲಿದ್ದ ಕಳ್ಳ ತಂತ್ರಾಂಶಗಳನ್ನು ಇದೇ ರೀತಿಯಲ್ಲಿ ದೂರದಿಂದ ಅಳಿಸಿತು. 

ಪುಸ್ತಕವನ್ನು ಅಳಿಸಿದಾಗ ಮಾತ್ರ ಜನ ಬೆಚ್ಚಿದರು. 2009ರ ಜುಲೈ ತಿಂಗಳಿನಲ್ಲಿ ಅಮೆರಿಕದ ಅಮೆಜಾನ್ ಕಂಪನಿಯು ತನ್ನ ಕಿಂಡಲ್ ಎಂಬ ಓದುವ ಯಂತ್ರಗಳಿಂದ ಎರಡು ಪುಸ್ತಕಗಳನ್ನು ಹಿಂತೆಗೆದುಕೊಂಡಿತು. ಅವುಗಳನ್ನು ಮಾರಾಟಕ್ಕೆ ಇಟ್ಟವರಿಗೆ ಪ್ರಕಟಣೆಯ ಹಕ್ಕು ಇರಲಿಲ್ಲವೆಂಬುದು ಕಾರಣ. ಓದುಗರಿಗೆ ಹಣವೇನೋ ಮರಳಿ ಬಂದಿತು. ಮಿಷಿಗನ್ ರಾಜ್ಯದ 17 ವರ್ಷದ ವಿದ್ಯಾರ್ಥಿಯೊಬ್ಬನು ಶಾಲೆಯ ಪಾಠಕ್ಕಾಗಿ ಅವುಗಳಲ್ಲೊಂದನ್ನು ಓದುತ್ತ ಅಲ್ಲಲ್ಲಿ ಟಿಪ್ಪಣಿ ಬರೆದುಕೊಂಡಿದ್ದನು. ಟಿಪ್ಪಣಿಗಳು ಉಳಿದವು, ಅವು ಯಾವ ವಾಕ್ಯಗಳನ್ನು ಕುರಿತು ಬರೆದವುಗಳೋ ಆ ವಾಕ್ಯಗಳೇ ಇಲ್ಲವಾದವು. ಆತನು ನ್ಯಾಯಾಲಯದ ಮೆಟ್ಟಿಲೇರಿದನು. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಯಾಚಿಸಿದರು. ಅಳಿಸಲ್ಪಟ್ಟ ಪುಸ್ತಕಗಳು ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ ಮತ್ತು ‘1984’. ಎರಡನೆಯದು, ಆಳುವವರು ಹಳೆಯ ಬರಹಗಳನ್ನು ಗುರುತಿಲ್ಲದಂತೆ ಸುಟ್ಟುಹಾಕುವ ರಾಜ್ಯವೊಂದರ ಕಥೆ!

ಇದ್ದುದನ್ನು ಅಳಿಸುವುದು ಒಂದು ಬಗೆ. ಯಂತ್ರದ ಕಣ್ಣನ್ನೇ ಮುಚ್ಚಿಸುವುದು ಇನ್ನೊಂದು ಬಗೆ. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1800ನೆಯ ಇಸವಿಯಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಇಂಗ್ಲೆಂಡಿನಲ್ಲಿ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಹರಡಿಕೊಂಡ ಬಣ್ಣಗಳಲ್ಲಿ ಉಷ್ಣತಾಮಾಪಕವನ್ನು ಇರಿಸಿ ಯಾವ ಬಣ್ಣಕ್ಕೆ ಎಷ್ಟು ಕಾವು ಎಂದು ಅಳೆಯುತ್ತಿದ್ದನು. ಕೆಂಪಿನಿಂದ ಆಚೆಗೆ, ಕಣ್ಣಿಗೆ ಏನೊಂದೂ ಕಾಣದ ಜಾಗದಲ್ಲಿ, ಕಾವು ಇನ್ನೂ ಹೆಚ್ಚಾಗಿತ್ತು. ಅಲ್ಲಿ ಬೀಳುತ್ತಿದ್ದ ಕಾಣದ ಬೆಳಕೇ ಅವಕೆಂಪು ಕಿರಣ. ನಮ್ಮ ಮನೆಯ ದೂರದರ್ಶನವನ್ನು ದೂರದಿಂದ ನಡೆಸುವ ರಿಮೋಟು ಕಳುಹಿಸುವುದೂ ಇದನ್ನೇ. ಗುಂಡಿಯನ್ನು ಒತ್ತಿ ರಿಮೋಟಿನ ತುದಿಯನ್ನು ಬರಿಗಣ್ಣಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅದನ್ನೇ ಮೊಬೈಲಿನ ಕ್ಯಾಮರಾದ ಮೂಲಕ ನೋಡಿರಿ. ನಸುನೇರಿಳೆಯ ಮಿಣುಕೊಂದು ಕಾಣಿಸಬಹುದು. ಹಿಂಬದಿಯ ಕ್ಯಾಮರಾದಲ್ಲಿ ಈ ಕಿರಣವನ್ನು ತಡೆಯುವ ಸೋಸುಗಾಜು ಬಲವಾಗಿದ್ದರೆ ಕಾಣದು. ಆಗ ಮುಂಬದಿಯ ಕ್ಯಾಮರಾದಲ್ಲಿ ಪ್ರಯತ್ನಿಸಬೇಕು. ಒಟ್ಟಿನಲ್ಲಿ ಕ್ಯಾಮರಾ ನಮಗೆ ಕಾಣದ ಒಂದು ಬೆಳಕನ್ನು ಕಾಣಬಲ್ಲುದು.

ಈ ಗುಣವನ್ನು ಆಧರಿಸಿ ಆಪಲ್ ಕಂಪನಿಯು 2009ರಲ್ಲಿ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿತು. 2011ರಲ್ಲಿ ಅದು ಪ್ರಕಟವಾಯಿತು. 2016ರ ಜೂನ್ 28ರಂದು ಪೇಟೆಂಟು ದೊರೆಯಿತು. ಅದರಲ್ಲಿ ಹೇಳಿರುವ ಕ್ರಮ ಹೀಗಿದೆ. ಸಂಗೀತ ಕಛೇರಿಯ ವೇದಿಕೆಯ ಬಳಿ ಅವಕೆಂಪು ದೀಪವೊಂದನ್ನು ಇರಿಸುವುದು. ಅದು ರಿಮೋಟಿನಂತೆಯೇ ಸಂಕೇತಗಳನ್ನು ಬೀರುತ್ತಿರುತ್ತದೆ. ಶ್ರೋತೃವೊಬ್ಬನು ವೇದಿಕೆಯತ್ತ ಕ್ಯಾಮರಾವನ್ನು ಹಿಡಿದೊಡನೆ ಆ ಸಂಕೇತ ಒಳಗೆ ಬೀಳುತ್ತದೆ. ದೂರವಾಣಿಯು ಅದನ್ನು ಓದಿಕೊಂಡು ಚಿತ್ರೀಕರಣವನ್ನು ನಿಲ್ಲಿಸಿಬಿಡುತ್ತದೆ. ಅದೇ ಬರಹದಲ್ಲಿ ಸೌಮ್ಯವಾದ ಉಪಯೋಗವೂ ಇದೆ. ವಸ್ತುಸಂಗ್ರಹಾಲಯದಲ್ಲಿ ಪ್ರಾಚೀನ ವಸ್ತುವಿನ ಪಕ್ಕದಲ್ಲಿ ಅಂತಹುದೇ ದೀಪವಿದ್ದರೆ, ಕ್ಯಾಮರಾ ಹಿಡಿದವನಿಗೆ ಆ ವಸ್ತುವಿನ ವಿವರ ತೆರೆಯ ಮೇಲೆ ಮೂಡುತ್ತದೆ. ಪೇಟೆಂಟು ದೊರೆತ ಮಾತ್ರಕ್ಕೆ ಅಂತಹ ವಸ್ತು ಪೇಟೆಗೆ ಬರಲೇಬೇಕೆಂದಿಲ್ಲ. ಕಂಪನಿಗಳು ಎಷ್ಟೋ ಪೇಟೆಂಟುಗಳನ್ನು ಪೆಟ್ಟಿಗೆಯಲ್ಲಿಯೇ ಇಟ್ಟಿರುತ್ತವೆ. ಆದರೆ ಇದಕ್ಕಿಂತ ಮುಂಚೆ, 2012ರಲ್ಲಿ, ಅದೇ ಕಂಪನಿ ಪಡೆದಿದ್ದ ಮತ್ತೊಂದು ಪೇಟೆಂಟು ಇನ್ನೂ ಮುಂದಕ್ಕೆ ಹೋಗಿತ್ತು. ಗೊತ್ತುಪಡಿಸಿದ ಸ್ಥಳಕ್ಕೆ ದೂರವಾಣಿಯೊಂದು ಬಂದೊಡನೆ ಅದರ ಕೆಲವು ಶಕ್ತಿಗಳನ್ನು ನಿಲ್ಲಿಸುವ ವಿಧಾನ ಅದು. ಪೊಲೀಸರ ಅಥವಾ ಸರ್ಕಾರದ ಗುಪ್ತ ಕಾರ್ಯಾಚರಣೆಗಳಿಗೆ ಇಂತಹ ಮೌನ ಬೇಕಾಗಬಹುದೆಂದು ಆ ಬರಹವೇ ಹೇಳುತ್ತದೆ.

ಕಲಾವಿದರ ಕಡೆಗೂ ನ್ಯಾಯವಿದೆ. ಗಾಯಕರ ಎದುರಿಗೆ ಮುಖಗಳ ಬದಲು ಹೊಳೆಯುವ ತೆರೆಗಳ ಸಾಲೇ ಕಂಡರೆ ಅವರಿಗೆ ಬೇಸರವಾಗದಿರುವುದೇ? ಚಲನಚಿತ್ರವನ್ನು ಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಂದ ನಿರ್ಮಾಪಕರಿಗೆ ನಷ್ಟವೂ ಇದೆ. ಆದರೆ ಇದಕ್ಕೆ ಬೇರೆ ಉಪಾಯಗಳಿಲ್ಲದೆ ಇಲ್ಲ. ಭಾರತದಲ್ಲಿ 2023ರ ಚಲನಚಿತ್ರ ತಿದ್ದುಪಡಿ ಕಾಯಿದೆಯು ಹಾಗೆ ಕದಿಯುವವರಿಗೆ 3 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಅಮೆರಿಕದಲ್ಲಿ 2014ರಲ್ಲಿ ಆರಂಭವಾದ ಯಾಂಡರ್ ಎಂಬ ಸಂಸ್ಥೆ ಕಛೇರಿಗಳಿಗೆ ಬೀಗವಿರುವ ಚೀಲಗಳನ್ನು ಒದಗಿಸುತ್ತದೆ. ಶ್ರೋತೃಗಳು ದೂರವಾಣಿಯನ್ನು ಚೀಲದಲ್ಲಿ ಹಾಕಿ ತಮ್ಮ ಬಳಿಯೇ ಇರಿಸಿಕೊಂಡು, ಹೊರಗೆ ಬಂದು ಬೀಗ ತೆಗೆಸಿಕೊಳ್ಳುತ್ತಾರೆ. ನಮ್ಮ ದೇವಾಲಯಗಳ ಬಾಗಿಲಲ್ಲಿ ಚಪ್ಪಲಿಯ ಜೊತೆಗೆ ಮೊಬೈಲನ್ನೂ ಒಪ್ಪಿಸಿ ಚೀಟಿ ಪಡೆಯುವುದು ಇಂತಹುದೇ ಏರ್ಪಾಡು. ಇಲ್ಲಿ ಬೀಗ ಕಣ್ಣಿಗೆ ಕಾಣುತ್ತದೆ, ಒಪ್ಪಿಗೆಯಾಗದವನು ಹಿಂತಿರುಗಬಹುದು.

ಕಾಣದ ದೀಪ ಹಾಗಲ್ಲ. ಅದು ಗಾಯಕನ ವೇದಿಕೆಯಲ್ಲಿ ಇರಬಹುದಾದರೆ ಬೀದಿಯಲ್ಲಿಯೂ ಇರಬಹುದು, ಠಾಣೆಯಲ್ಲಿಯೂ ಇರಬಹುದು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಜನಾಂಗದ ವ್ಯಕ್ತಿಯು ಪೊಲೀಸನೊಬ್ಬನ ಮೊಣಕಾಲಿನ ಕೆಳಗೆ ಸಿಲುಕಿ ಪ್ರಾಣಬಿಟ್ಟನು. ಪೊಲೀಸರ ಮೊದಲ ಪ್ರಕಟಣೆಯಲ್ಲಿ ಆ ಮೊಣಕಾಲಿನ ಪ್ರಸ್ತಾಪವೇ ಇರಲಿಲ್ಲ. ವ್ಯಕ್ತಿಗೆ ಆರೋಗ್ಯ ಕೆಟ್ಟಂತೆ ಕಂಡುಬಂದು ಆಸ್ಪತ್ರೆಯಲ್ಲಿ ತೀರಿಕೊಂಡನೆಂದಿತ್ತು. ಅಂಗಡಿಗೆ ಬಂದಿದ್ದ 17 ವರ್ಷದ ಹುಡುಗಿಯೊಬ್ಬಳು ಭಯಪಡುತ್ತಲೇ ತನ್ನ ದೂರವಾಣಿಯಲ್ಲಿ ಎಲ್ಲವನ್ನೂ ಚಿತ್ರೀಕರಿಸಿದ್ದಳು. ಆ ಚಿತ್ರಣವನ್ನು ಲೋಕವೇ ನೋಡಿತು. 2021ರಲ್ಲಿ ಆ ಪೊಲೀಸನು ಕೊಲೆಯ ಅಪರಾಧಿಯೆಂದು ತೀರ್ಮಾನವಾಯಿತು. ಹುಡುಗಿಗೆ ಪುಲಿಟ್ಜರ್ ಮಂಡಳಿಯ ವಿಶೇಷ ಗೌರವ ಸಂದಿತು. ಅಂದು ಆ ಬೀದಿಯ ದೀಪಕಂಬದಲ್ಲಿ ಅವಕೆಂಪು ಸಂಕೇತವೊಂದು ಮಿಣುಕುತ್ತಿದ್ದರೆ ಪೊಲೀಸರ ಮೊದಲ ಪ್ರಕಟಣೆಯನ್ನು ಪ್ರಶ್ನಿಸಲು ಏನು ಉಳಿಯುತ್ತಿತ್ತೆಂದು ಯೋಚಿಸಬೇಕು.

ದೂರದ ಬೀಗವನ್ನು ಅಪಾಯ ತಪ್ಪಿಸಲು ಬಳಸಿದ್ದೂ ಉಂಟು. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ನೋಟ್ 7 ಎಂಬ ದೂರವಾಣಿಗಳ ಬ್ಯಾಟರಿಗಳು ಹೊತ್ತಿಕೊಳ್ಳತೊಡಗಿದವು. ಮರಳಿಸಿರೆಂದು ಕೇಳಿಕೊಂಡರೂ ಕೆಲವರು ಮರಳಿಸಲಿಲ್ಲ. ಕಡೆಗೆ ಅಮೆರಿಕದಲ್ಲಿ ಆ ದೂರವಾಣಿಗಳು ವಿದ್ಯುತ್ತನ್ನೇ ತುಂಬಿಕೊಳ್ಳದಂತೆ ತಿದ್ದುಪಡಿ ಕಳುಹಿಸಿದರು. ಕಳುವಾದ ದೂರವಾಣಿಯನ್ನು ನಿಷ್ಪ್ರಯೋಜಕ ಮಾಡುವ ಬೀಗವನ್ನಂತೂ ಮಾಲೀಕನೇ ಬಯಸುತ್ತಾನೆ. ನಮ್ಮ ದೇಶದಲ್ಲಿ 2023ರ ಮೇ ತಿಂಗಳಿನಿಂದ ದೇಶಾದ್ಯಂತ ಈ ಅನುಕೂಲವಿದೆ. ಪ್ರತಿಯೊಂದು ದೂರವಾಣಿಗೂ 15 ಅಂಕೆಗಳ ಗುರುತುಸಂಖ್ಯೆ ಇರುತ್ತದೆ. ಕಳೆದುಕೊಂಡವನು ಪೊಲೀಸರಿಗೆ ದೂರು ಕೊಟ್ಟು ಕೋರಿದರೆ ಆ ಸಂಖ್ಯೆಯನ್ನು ಎಲ್ಲ ಜಾಲಗಳಲ್ಲಿಯೂ ತಡೆಹಿಡಿಯುತ್ತಾರೆ, ಸಿಕ್ಕಿದ ಮೇಲೆ ಬಿಡಿಸುತ್ತಾರೆ. ಇಲ್ಲಿ ಬೀಗ ಹಾಕಿಸುವವನೂ ತೆಗೆಸುವವನೂ ವಸ್ತುವಿನ ಒಡೆಯನೇ.

ಒಡೆತನವೇ ಅರ್ಧ ಮಾತ್ರ ಇದ್ದಾಗ ಏನು? ಕೆನ್ಯಾ ದೇಶದಲ್ಲಿ ಎಂ-ಕೋಪ ಎಂಬ ಕಂಪನಿ ಇದೆ. ಸ್ವಾಹಿಲಿ ಭಾಷೆಯಲ್ಲಿ ‘ಕೋಪ’ ಎಂದರೆ ಸಾಲ ಪಡೆಯುವುದು, ನಮ್ಮ ಕೋಪವಲ್ಲ. ಮೊದಲು ಸೌರದೀಪಗಳನ್ನು, ಆಮೇಲೆ ದೂರವಾಣಿಗಳನ್ನು ಅದು ದಿನಗಂತಿನ ಮೇಲೆ ಕೊಡುತ್ತ ಬಂದಿದೆ. ಕಂತು ತಪ್ಪಿದರೆ ವಸ್ತು ತಾನಾಗಿ ಬೀಗ ಹಾಕಿಕೊಳ್ಳುತ್ತದೆ, ಕಟ್ಟಿದರೆ ತೆರೆದುಕೊಳ್ಳುತ್ತದೆ. ಈ ಭರವಸೆ ಇಲ್ಲದಿದ್ದರೆ ಬಡವರಿಗೆ ಅಡಮಾನವಿಲ್ಲದೆ ಸಾಲ ಕೊಡುವವರೇ ಇರುತ್ತಿರಲಿಲ್ಲವೆಂದು ಅದರ ಪರವಾಗಿರುವವರು ಹೇಳುತ್ತಾರೆ. ನಮ್ಮಲ್ಲಿಯೂ ಕಂತಿನ ಸಾಲದ ಮೇಲೆ ಮೊಬೈಲು ಕೊಳ್ಳುವವರು ಬಹಳ. ಅಂತಹ ದೂರವಾಣಿಗಳಿಗೆ ದೂರದಿಂದ ಬೀಗ ಹಾಕಲು ಸಾಲಗಾರ ಸಂಸ್ಥೆಗಳಿಗೆ ಅವಕಾಶ ಕೊಡಬೇಕೇ ಎಂಬ ಪ್ರಶ್ನೆ 2025ರಲ್ಲಿ ರಿಸರ್ವ್ ಬ್ಯಾಂಕಿನ ಮುಂದೆ ಬಂದಿತು. ಒಂದು ಕಾಲದಲ್ಲಿ ಕಂತು ತಪ್ಪಿದವನ ಸೈಕಲ್ಲನ್ನು ಎಳೆದುಕೊಂಡು ಹೋಗುತ್ತಿದ್ದರು. ಹೋಗುವುದು ಸೈಕಲ್ಲೊಂದೇ ಆಗಿತ್ತು. ದೂರವಾಣಿಗೆ ಬೀಗ ಬಿದ್ದರೆ ಕೂಲಿಗೆ ಕರೆಯುವ ಮೇಸ್ತ್ರಿಯ ಕರೆ, ಅಂಗಡಿಗೆ ಹಣ ಸಲ್ಲಿಸುವ ದಾರಿ, ಮಗಳ ಪಾಠ, ಆಸ್ಪತ್ರೆಯ ಚೀಟಿ ಎಲ್ಲವೂ ಒಟ್ಟಿಗೆ ಒಳಗೇ ಉಳಿಯುತ್ತವೆ. ಬಾಕಿ ತೀರಿಸಲು ಬೇಕಾದ ಸಂಪಾದನೆಯ ಸಾಧನವೂ ಅದರೊಳಗೇ ಇರುತ್ತದೆ. ಸಾಲ ಕೊಟ್ಟವರ ಹಕ್ಕನ್ನೂ ಸಾಲ ಪಡೆದವರ ಹಿತವನ್ನೂ ತೂಗಿ ನೋಡುತ್ತಿರುವುದಾಗಿ ಬ್ಯಾಂಕಿನ ಅಧಿಕಾರಿಗಳು ಆ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ತಿಳಿಸಿದರು.