ಪ್ರೋಬ್ ಹಿಡಿಯುವ ಮೊದಲು ಬೆನ್ನು ನೋಡು

ನೋಡಮ್ಮಾ, ಹಸುಗೂಸಿನ ಹೊಟ್ಟೆ, ತಲೆ ಸ್ಕ್ಯಾನ್ ಮಾಡಿ ನಿನ್ನ ಕೈ ಪಳಗಿದೆ. ಬೆನ್ನುಹುರಿ ಅಂದರೆ ಮಾತ್ರ ಇನ್ನೂ ಹಿಂಜರಿಯುತ್ತೀಯ. ಹಿಂಜರಿದು ದಿನ ಮುಂದಕ್ಕೆ ಹಾಕುವ ಹಾಗಿಲ್ಲ. ಎಳೆಗೂಸಿನ ಬೆನ್ನೆಲುಬಿನ ಹಿಂಬದಿ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಅದಕ್ಕೇ ಒಳಗಿನದು ನಮಗೆ ಕಾಣುತ್ತದೆ. ಮೂರ್ನಾಲ್ಕು ತಿಂಗಳು ದಾಟಿತೋ, ನೋಟ ಮಸುಕಾಗುತ್ತಾ ಹೋಗುತ್ತದೆ. 'ದೊಡ್ಡದಾಗಲಿ, ಆಮೇಲೆ ನೋಡೋಣ' ಎಂದು ಯಾರೇ ಅಂದರೂ ಒಪ್ಪಬೇಡ.

ಪ್ರೋಬ್ ಹಿಡಿಯುವ ಮೊದಲು ಬರಿಗಣ್ಣಲ್ಲಿ ಬೆನ್ನು ನೋಡು. ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯನ್ನೂ ಒಂದು ಮಾತು ಕೇಳು. ಎಷ್ಟೋ ಸಲ ಮೊದಲು ಕಂಡಿರುವುದು ಅವರಿಗೇ. ಗುದದಿಂದ 2.5 ಸೆಂ.ಮೀ. ಒಳಗೆ, ನಡುಗೆರೆಯಲ್ಲಿ, 5 ಮಿ.ಮೀ.ಗಿಂತ ಚಿಕ್ಕ ಕುಳಿಯೊಂದೇ ಇದ್ದರೆ ಸ್ಕ್ಯಾನ್ ಬೇಕಿಲ್ಲ. ನಮ್ಮ ಕೂಸುಗಳ ಕುಂಡೆ ಮೇಲಿನ ನೀಲಿ ಮಚ್ಚೆಗೂ ಬೇಕಿಲ್ಲ. ಕುಳಿ ಅದಕ್ಕಿಂತ ಮೇಲಿದ್ದರೆ, ಕೂದಲ ಕುಚ್ಚು, ಕೆಂಪು ಮಚ್ಚೆ, ಮೆತ್ತನೆ ಗಡ್ಡೆ ಕಂಡರೆ, ಗುದದ್ವಾರವೇ ಇಲ್ಲದೆ ಹುಟ್ಟಿದ್ದರೆ ತಪ್ಪದೆ ನೋಡಬೇಕು. ಸಣ್ಣ ತೂತಿನಿಂದ ನೀರು ಜಿನುಗುತ್ತಿದ್ದರೆ ಅದರೊಳಗೆ ಕಡ್ಡಿ ಹಾಕಿ ಆಳ ನೋಡಬೇಡ. ಸೋಂಕು ನೇರ ಮಿದುಳಿನ ಪೊರೆಗೆ ಹೋದೀತು. ಚರ್ಮವೇ ಇಲ್ಲದ ತೆರೆದ ಚೀಲಕ್ಕೆ ಪ್ರೋಬ್ ತಾಗಿಸುವುದೇ ಬೇಡ. ಆ ಕೂಸು ಸರ್ಜನ್ ಹತ್ತಿರ ಹೋಗಲಿ, ನೀನು ತಲೆಯಲ್ಲಿ ನೀರು ತುಂಬಿದೆಯಾ ನೋಡಿಕೊಡು.

ಉಳಿದ ಕೂಸುಗಳಿಗೆ ಮೊದಲು ಹಾಲು ಕುಡಿಸಲು ಹೇಳು. ಬೋರಲು ಮಲಗಿಸಿ, ಹೊಟ್ಟೆಯಡಿ ಸುತ್ತಿದ ಟವೆಲ್ ಇಡು. ಜೆಲ್ ಬೆಚ್ಚಗಿರಲಿ. ತಣ್ಣನೆ ಜೆಲ್ ಬಿದ್ದು ಕೂಸು ಬೆಚ್ಚಿತೆಂದರೆ ಅವತ್ತಿನ ಸ್ಕ್ಯಾನ್ ಮುಗಿದಂತೆಯೇ.

ಪರದೆ ಮೇಲೆ ಹುರಿ ಕಪ್ಪಗೆ, ನಡುವೆ ಎರಡು ಬಿಳಿ ಗೆರೆ. ಕೆಳಗೆ ಅದು ಚೂಪಾಗಿ ಮುಗಿಯುವ ತುದಿ ಸಾಮಾನ್ಯವಾಗಿ ಸೊಂಟದ 1-2ನೇ ಮೂಳೆಯ ಮಟ್ಟದಲ್ಲಿರುತ್ತದೆ. 3ನೆಯದಕ್ಕಿಂತ ಕೆಳಗಿದ್ದರೆ ಹುರಿ ಅಂಟಿಕೊಂಡಿರಬಹುದು. ಎಣಿಕೆಯಲ್ಲೇ ಎಡವುವವರು ಜಾಸ್ತಿ. ಕೊನೆಯ ಪಕ್ಕೆಲುಬಿನಿಂದ ಕೆಳಕ್ಕೊಮ್ಮೆ, ತ್ರಿಕಾಸ್ಥಿಯಿಂದ ಮೇಲಕ್ಕೊಮ್ಮೆ ಎಣಿಸು, ಎರಡೂ ತಾಳೆಯಾಗಬೇಕು. ದಿನ ತುಂಬದೆ ಹುಟ್ಟಿದ ಕೂಸಿಗೆ ತುದಿ 3ನೇ ಮೂಳೆಯ ಹತ್ತಿರ ಕಂಡರೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಕರೆಸು. ತುದಿಯಿಂದ ಇಳಿಯುವ ಎಳೆ, ನಾವು ಫೈಲಮ್ ಅನ್ನುವುದು, 2 ಮಿ.ಮೀ. ಮೀರಬಾರದು. ಅಡ್ಡಕ್ಕೂ ಪ್ರೋಬ್ ತಿರುಗಿಸು. ಹುರಿ ಸೀಳಿ ಎರಡಾಗಿರುವುದು ಉದ್ದ ನೋಟದಲ್ಲಿ ತಪ್ಪಿಹೋಗುತ್ತದೆ. ತುದಿಯೊಳಗೆ ಪುಟ್ಟ ನೀರಿನ ಗುಳ್ಳೆ ಇದ್ದರೆ ಅದು ಹಲವು ಆರೋಗ್ಯವಂತ ಕೂಸುಗಳಲ್ಲೂ ಇರುವಂಥದ್ದು, ರೋಗವೆಂದು ಬರೆಯಬೇಡ.

ಫ್ರೀಜ್ ಒತ್ತುವ ಚಟವೊಂದನ್ನು ಬಿಡು. ಹುರಿಯ ಕೆಳಗಿನ ನರಗಳು ನಾಡಿ ಬಡಿತಕ್ಕೆ, ಉಸಿರಿಗೆ, ಹೊಳೆಯೊಳಗಿನ ಪಾಚಿಯಂತೆ ತೂಗಾಡುತ್ತವೆ. ಹುರಿ ಹಿಂಬದಿಗೆ ಅಂಟಿ, ಏನೂ ಅಲ್ಲಾಡದಿದ್ದರೆ ಅದೇ ದೊಡ್ಡ ಸುಳಿವು. ನಿಂತ ಚಿತ್ರದಲ್ಲಿ ಇದು ಸಿಗುವುದಿಲ್ಲ.

ತಾಯಿಯ ಮೊದಲ ಪ್ರಶ್ನೆ 'ಡಾಕ್ಟ್ರೇ, ಮಗು ನಡೆಯುತ್ತಾ?' ಪರದೆ ನೋಡಿ ಅದಕ್ಕೆ ಹೌದು, ಇಲ್ಲ ಅನ್ನಬೇಡ. ಅನುಮಾನವಿದೆ, ಎಂ.ಆರ್.ಐ. ಆಗಬೇಕು, ನರಗಳ ಸರ್ಜನ್ ನೋಡಬೇಕು ಅಂದರೆ ಸಾಕು. ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೇ ಹೀಗಾಯಿತೆಂದು ಅತ್ತೆ ಗೊಣಗಿದರೆ ಅಲ್ಲೇ ತಡೆ. ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಬಸಿರಾಗಿದ್ದೇ ಎಷ್ಟೋ ಹೆಂಗಸರಿಗೆ ಆಗ ಗೊತ್ತಿರುವುದಿಲ್ಲ. ತೆರೆದ ಚೀಲದ ಕೂಸು ಹೆತ್ತವಳಿಗೆ ಇನ್ನೊಂದು ವಿಷಯ ಹೇಳಿಯೇ ಕಳಿಸು: ಮುಂದಿನ ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಶುರುವಾಗಬೇಕು, ಎಲ್ಲರಿಗೂ ಹೇಳುವ 400 ಮೈಕ್ರೊಗ್ರಾಂ ಅವಳಿಗೆ ಸಾಲದು, ದಿನಕ್ಕೆ 4 ಮಿ.ಗ್ರಾಂ. ಬೇಕು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವುದು 5 ಮಿ.ಗ್ರಾಂ. ಮಾತ್ರೆ, ಹೆರಿಗೆ ಡಾಕ್ಟರ ಹತ್ತಿರ ಅದರ ಚೀಟಿ ಬರೆಸಿಕೊಡು.