ದೇವಣಿ ದನಗಳ ಸಾಕಣೆಯೂ ಊರಿನ ವಂಶಾವಳಿ ಪುಸ್ತಕವೂ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿಗೆ ಸೇರಿದ ಅತನೂರ ಗ್ರಾಮವೂ ಅದರ ಸುತ್ತಣ ಊರುಗಳೂ ಭೀಮಾ ನದಿಯ ಸೀಮೆಯಲ್ಲಿರುವುವು. ಇಲ್ಲಿಯ ಭೂಮಿಯು ಬಹುಮಟ್ಟಿಗೆ ಎರೆಭೂಮಿ. ಜೋಳ, ತೊಗರಿಗಳು ಇಲ್ಲಿಯ ಮುಖ್ಯ ಪೈರುಗಳು. ಮಳೆ ಬಿದ್ದರೆ ಈ ಮಣ್ಣು ಅರಗಿನಂತೆ ಅಂಟುವುದು. ಒಣಗಿದರೆ ಬಿರುಕು ಬಿಟ್ಟು ಗಟ್ಟಿಯಾಗುವುದು. ಇಂತಹ ಭೂಮಿಯಲ್ಲಿ ಹರಗುವುದಕ್ಕೂ ಬಿತ್ತುವುದಕ್ಕೂ ಬಲವುಳ್ಳ ಎತ್ತುಗಳು ಬೇಕೆಂಬುದನ್ನು ಒಕ್ಕಲಿಗರಿಗೆ ಹೇಳಬೇಕಾದುದಿಲ್ಲ. ಆದರೆ ಅಂತಹ ಎತ್ತುಗಳನ್ನು ಸಂತೆಯಲ್ಲಿ ಹುಡುಕುವವರು ಅನೇಕರು. ತಮ್ಮ ಹಟ್ಟಿಯಲ್ಲಿಯೇ ಹುಟ್ಟಿಸಿಕೊಳ್ಳುವವರು ಕೆಲವರು ಮಾತ್ರ. ಹಾಗೆ ಹುಟ್ಟಿಸಿಕೊಳ್ಳುವ ಕ್ರಮವನ್ನೂ, ಅದಕ್ಕೆ ಆಧಾರವಾದ ವಂಶಾವಳಿ ಪುಸ್ತಕವನ್ನು ಊರಿನಲ್ಲಿ ಇಡುವ ರೀತಿಯನ್ನೂ ಈ ಪತ್ರಿಕೆಯಲ್ಲಿ ವಿವರಿಸಿದೆ.

೧. ಸೀಮೆಯ ತಳಿಗಳು

ಈ ಸೀಮೆಯ ಸುತ್ತಲೂ ಮೂರು ಹೆಸರುವಾಸಿಯಾದ ತಳಿಗಳಿವೆ. ಉತ್ತರಕ್ಕೆ ಬೀದರ ಮತ್ತು ಲಾತೂರ ಜಿಲ್ಲೆಗಳ ಕಡೆಗೆ ದೇವಣಿ ತಳಿ. ಲಾತೂರ ಜಿಲ್ಲೆಯ ದೇವಣಿ ಎಂಬ ಊರಿನಿಂದ ಇದಕ್ಕೆ ಈ ಹೆಸರು ಬಂದಿದೆ. ಪಶ್ಚಿಮಕ್ಕೆ ಸೊಲ್ಲಾಪುರ, ವಿಜಯಪುರಗಳ ಕಡೆಗೆ ಖಿಲಾರಿ ತಳಿ. ಇದು ನಡಿಗೆಯಲ್ಲಿ ಚುರುಕು, ಹಾಲಿನಲ್ಲಿ ಕಡಮೆ. ನೈಋತ್ಯಕ್ಕೆ ಕೃಷ್ಣಾ ನದಿಯ ದಡದಲ್ಲಿ ಕೃಷ್ಣಾ ಕಣಿವೆಯ ತಳಿ. ಈ ಮೂರರ ನಡುವೆ ಇರುವ ಊರುಗಳಲ್ಲಿ, ಹೋರಿಗಳು ಎಲ್ಲಿಂದಲೋ ಬಂದು ಹಿಂಡಿನೊಡನೆ ಸೇರುವುದರಿಂದ, ಒಂದೇ ಆಕಳಿನ ಮೂರು ಕರುಗಳು ಮೂರು ಬಗೆಯಾಗಿರುವುದನ್ನು ಕಾಣಬಹುದು. ಎತ್ತುಗಳಿಗೆ ಜೋಡಿ ಸಿಕ್ಕುವುದಿಲ್ಲ. ಕಡಸು ಎಷ್ಟು ಹಾಲು ಕೊಟ್ಟೀತೆಂದು ಮುಂದಾಗಿ ಹೇಳುವುದಕ್ಕೂ ಬರುವುದಿಲ್ಲ.

ಇವುಗಳಲ್ಲಿ ದೇವಣಿಯು ದುಡಿಮೆಗೂ ಹಾಲಿಗೂ ಒದಗುವ ತಳಿ. ಈಗ ಅನೇಕರು ಟ್ರ್ಯಾಕ್ಟರಿನಿಂದ ಉಳುತ್ತಿರುವುದರಿಂದ, ಎತ್ತಿನ ಬೆಲೆಯೊಂದನ್ನೇ ನಂಬಿ ಆಕಳು ಸಾಕುವುದು ಕಷ್ಟ. ಎತ್ತಿನ ಜೊತೆಗೆ ಮನೆಗೆ ಹಾಲನ್ನೂ ಕೊಡುವ ತಳಿಯನ್ನು ಆರಿಸುವುದು ಯುಕ್ತ. ದೇವಣಿಯಲ್ಲಿ ಮೂರು ಬಗೆಗಳುಂಟು. ಮೈ ಬಿಳಿದಾಗಿ ಮುಖ ಕಪ್ಪಾಗಿದ್ದರೆ ವಾನೇರಾ. ಬಿಳಿಯ ಮೈಯಲ್ಲಿ ಕೆಳಭಾಗಕ್ಕೆ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಬಾಲಂಕ್ಯಾ. ಮೈಮೇಲೆಲ್ಲ ಕಪ್ಪು ಮಚ್ಚೆಗಳು ಹರಡಿದ್ದರೆ ಶೇವೇರಾ. ಉಬ್ಬಿದ ಹಣೆ, ಜೋಲುವ ಕಿವಿ, ತುಂಬಿದ ಗಂಗೆದೊಗಲು ಇವು ಮೂರಕ್ಕೂ ಸಮಾನವಾದ ಲಕ್ಷಣಗಳು. ಬೀದರ ಜಿಲ್ಲೆಯ ಹಳ್ಳಿಖೇಡದಲ್ಲಿ ಈ ತಳಿಗೆಂದೇ ಸಂವರ್ಧನ ಕೇಂದ್ರವಿದೆ.

೨. ಪುಸ್ತಕವಿಲ್ಲದುದರ ನಷ್ಟ

ಕೃಷ್ಣಾ ಕಣಿವೆಯ ತಳಿಯ ವೃತ್ತಾಂತವು ಒಕ್ಕಲಿಗರು ಅರಿಯಬೇಕಾದುದು. ಎರೆಭೂಮಿಯನ್ನು ಉಳಬಲ್ಲ ಭಾರಿ ಎತ್ತುಗಳು ಬೇಕೆಂದು, ೧೮೮೦ರ ಸುಮಾರಿನಿಂದ ಸಾಂಗ್ಲಿ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗೀರ, ಓಂಗೋಲು, ಕಾಂಕ್ರೇಜ ಹೋರಿಗಳನ್ನು ತರಿಸಿ, ನಾಡದನಗಳೊಡನೆ ಕೂಡಿಸಿ ಈ ತಳಿಯನ್ನು ಬೆಳೆಸಿದರು. ಈಗ ಇದರ ಶುದ್ಧ ರಾಸುಗಳು ಬಹಳ ವಿರಳವಾಗಿವೆ. ಅರಸರ ಪೋಷಣೆ ನಿಂತಿತು. ನೇಗಿಲಿನ ಕೆಲಸ ತಗ್ಗಿತು. ಯಾವ ಹೋರಿ ಯಾವ ಆಕಳಿಗೆ ಹುಟ್ಟಿದುದೆಂದು ಹಳ್ಳಿಗಳಲ್ಲಿ ಬರೆದಿಟ್ಟವರು ವಿರಳ. ತಳಿಯು ಯಾರಿಗೂ ಗೊತ್ತಾಗದಂತೆ ಹಿಂಡಿನಲ್ಲಿ ಕರಗಿಹೋಯಿತು.

ಇದಕ್ಕೆ ಪ್ರತಿಯಾದ ವೃತ್ತಾಂತವೂ ಒಂದುಂಟು. ೧೮೫೪ ರಿಂದ ೧೯೨೬ ರ ವರೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋದ ಹಿಣಿಲುಳ್ಳ ದನಗಳು ಒಟ್ಟು ಮುನ್ನೂರಕ್ಕೂ ಕಡಮೆ; ಅವುಗಳಲ್ಲಿ ಹೆಚ್ಚಿನವು ಹೋರಿಗಳು, ಆಕಳುಗಳು ಬೆರಳೆಣಿಕೆಯಷ್ಟು. ಗೀರ, ಓಂಗೋಲು, ಗುಜರಾತಿನ ದನಗಳೊಡನೆ ಕೃಷ್ಣಾ ಕಣಿವೆಯ ರಕ್ತವೂ ಅಲ್ಲಿ ಸೇರಿತು. ಅಲ್ಲಿಯ ದನಗಾರ ಕುಟುಂಬಗಳು ಈ ಹೋರಿಗಳನ್ನು ತಮ್ಮ ನಾಡಿನ ಆಕಳುಗಳಿಗೆ ತಲೆಮಾರಿನಿಂದ ತಲೆಮಾರಿಗೆ ಬಿಟ್ಟು, ೧೯೨೪ ರಲ್ಲಿ ಸಂಘವನ್ನು ಕಟ್ಟಿಕೊಂಡು, ಪ್ರತಿಯೊಂದು ರಾಸಿನ ತಂದೆತಾಯಿಗಳನ್ನು ದಾಖಲೆ ಮಾಡುತ್ತ ಬಂದರು. ಹೀಗೆ ಬ್ರಾಹ್ಮನ್ ಎಂಬ ತಳಿಯು ನಿಂತಿತು. ಅವರು ಸಾಕುವುದು ಮಾಂಸಕ್ಕಾಗಿ, ಇಲ್ಲಿಯವರು ಸಾಕುವುದು ದುಡಿಮೆಗೂ ಹಾಲಿಗೂ ಆಗಿ. ಉದ್ದೇಶ ಬೇರೆಯಾದರೂ ಕ್ರಮವು ಒಂದೇ. ಇಂಗ್ಲೆಂಡಿನಲ್ಲಿ ಶಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನು ೧೮೨೨ ರಲ್ಲಿಯೇ ಅಚ್ಚು ಮಾಡಿಸಿದ್ದರು.

೧೯೮೪ ರಲ್ಲಿ ಸ್ಥಾಪಿತವಾಗಿ ಈಗ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ದಾಖಲೆಯಲ್ಲಿ ದೇವಣಿ, ಖಿಲಾರಿ, ಕೃಷ್ಣಾ ಕಣಿವೆ ಈ ಮೂರೂ ತಳಿಗಳು ಸೇರಿವೆ. ಆದರೆ ತಳಿಯ ಹೆಸರು ಅಲ್ಲಿ ನಮೂದಾದ ಮಾತ್ರಕ್ಕೆ ಒಕ್ಕಲಿಗನ ಹಟ್ಟಿಯ ಆಕಳು ದೇವಣಿಯಾಗುವುದಿಲ್ಲ. ಅದನ್ನು ತೋರಿಸುವುದು ಅದರ ತಂದೆತಾಯಿಗಳ ದಾಖಲೆಯೇ.

೩. ಹೋರಿಯ ಮಹತ್ವ

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯಿದೆ. ದನಗಳ ವಿಷಯದಲ್ಲಿ ಇದು ಅರ್ಧ ಸತ್ಯ. ಕರುವಿನ ಗುಣಗಳಲ್ಲಿ ಅರ್ಧ ತಾಯಿಯವು, ಅರ್ಧ ತಂದೆಯವು. ಒಂದು ಆಕಳು ವರ್ಷಕ್ಕೆ ಒಂದು ಕರುವನ್ನೂ ಹಾಕಲಾರದಿರಬಹುದು. ಒಂದು ಹೋರಿಯಾದರೋ ವರ್ಷಕ್ಕೆ ೫೦-೬೦ ಆಕಳುಗಳಿಗೆ ಸಾಲುವುದು. ಆದುದರಿಂದ ಕೆಟ್ಟ ಆಕಳಿನಿಂದ ಒಂದು ಮನೆಗೆ ನಷ್ಟ. ಕೆಟ್ಟ ಹೋರಿಯಿಂದ ಊರಿಗೇ ನಷ್ಟ.

ಜಾತಿ ಗೊತ್ತಿಲ್ಲದ ನಾಡ ಆಕಳಿಗೆ ಶುದ್ಧ ದೇವಣಿ ಹೋರಿಯನ್ನು ಬಿಟ್ಟರೆ, ಮೊದಲನೆಯ ತಲೆಮಾರಿನ ಕರುವಿನಲ್ಲಿ ನೂರಕ್ಕೆ ೫೦ ಪಾಲು ದೇವಣಿಯ ರಕ್ತವಿರುವುದು. ಆ ಕಡಸಿಗೆ ಮತ್ತೊಂದು ಶುದ್ಧ ದೇವಣಿ ಹೋರಿಯನ್ನು ಬಿಟ್ಟರೆ ೭೫, ಮೂರನೆಯ ತಲೆಮಾರಿನಲ್ಲಿ ೮೭½, ನಾಲ್ಕನೆಯದರಲ್ಲಿ ೯೩¾ ಪಾಲು ಆಗುವುದು. ಒಂದು ತಲೆಮಾರಿಗೆ ಐದು ವರ್ಷವೆಂದರೆ ಇದು ಇಪ್ಪತ್ತು ವರ್ಷಗಳ ಕೆಲಸ. ನಡುವೆ ಒಂದು ಸಲ ಬೀದಿಯ ಹೋರಿ ಸೇರಿದರೆ ಆ ಸಾಲಿನಲ್ಲಿ ಗಳಿಸಿದುದರಲ್ಲಿ ಅರ್ಧ ಹೋಯಿತೆಂದೇ ತಿಳಿಯಬೇಕು. ಬರದ ವರ್ಷದಲ್ಲಿ ಮೇವಿಲ್ಲದೆ ಮಾರಿದ ಒಳ್ಳೆಯ ಕಡಸಿನ ನಷ್ಟವೂ ಇಂತಹುದೇ. ದುಡ್ಡು ಕೊಟ್ಟು ದನವನ್ನು ಕೊಳ್ಳಬಹುದು, ಕಳೆದ ಹದಿನೈದು ವರ್ಷಗಳನ್ನು ಕೊಳ್ಳಲಾಗದು.

ಹೋರಿಯನ್ನು ಆರಿಸುವಾಗ ಮೈಬಣ್ಣಕ್ಕಿಂತ ಮೊದಲು ಅದರ ತಾಯಿಯನ್ನು ನೋಡಬೇಕು. ತಾಯಿಯು ಎಷ್ಟು ಹಾಲು ಕೊಟ್ಟಿತು, ಎಷ್ಟು ತಿಂಗಳಿಗೊಮ್ಮೆ ಈಯಿತು, ಅದರ ಕೆಚ್ಚಲು ಸರಿಯಾಗಿದೆಯೇ ಎಂಬುದನ್ನು ವಿಚಾರಿಸಬೇಕು. ಹೋರಿಯ ಎದೆ ಅಗಲವಾಗಿ, ಬೆನ್ನು ನೇರವಾಗಿ, ಗೊರಸುಗಳು ಗಟ್ಟಿಯಾಗಿ, ಬೀಜಗಳೆರಡೂ ಸಮವಾಗಿರಬೇಕು. ಮೂರು ವರ್ಷ ತುಂಬುವ ಮೊದಲು ಅದಕ್ಕೆ ಹೆಚ್ಚು ಕೆಲಸ ಕೊಡಕೂಡದು. ಬೆಳೆದ ಹೋರಿಯನ್ನೂ ವಾರಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬಿಡಬಾರದು. ಊರಿಗೆ ತರುವ ಮುನ್ನ ಕ್ಷಯ ಮತ್ತು ಬ್ರೂಸೆಲ್ಲಾ ರೋಗಗಳಿಲ್ಲವೆಂದು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಬ್ರೂಸೆಲ್ಲಾ ರೋಗವು ಗಬ್ಬವಾದ ಆಕಳುಗಳು ಕಂದು ಹಾಕುವಂತೆ ಮಾಡುವುದಲ್ಲದೆ ಮನುಷ್ಯರಿಗೂ ತಗಲುವುದು.

ಒಂದು ಹೋರಿಯನ್ನು ಒಂದೇ ಊರಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚಾಗಿ ಇಡಕೂಡದು. ಆ ಬಳಿಕ ಅದರ ಮಗಳೇ ಬೆದೆಗೆ ಬರುವಳು. ತಂದೆ ಮಗಳ ಕೂಟದಿಂದ ಹುಟ್ಟಿದ ಕರುವಿನಲ್ಲಿ ರಕ್ತಸಾಮೀಪ್ಯವು ನೂರಕ್ಕೆ ೨೫ ಆಗುವುದು. ಬೆಳವಣಿಗೆ ಕುಂಠಿತವಾಗಿ, ಗಬ್ಬ ನಿಲ್ಲುವುದು ಕಡಮೆಯಾಗುವುದು. ಮೂರು ವರ್ಷ ತುಂಬಿದೊಡನೆ ನೆರೆಯ ಊರಿನ ಹೋರಿಯೊಡನೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಆರಿಸದೆ ಉಳಿದ ಹೋರಿಗರುಗಳಿಗೆ ಸಕಾಲದಲ್ಲಿ ಪಶುವೈದ್ಯರಿಂದ ಬೀಜ ಒಡೆಸಬೇಕು.

ಹೋರಿಯಿಲ್ಲದ ಊರಿನಲ್ಲಿ ಕೃತಕ ಗರ್ಭಧಾರಣೆಯನ್ನು ಮಾಡಿಸಬಹುದು. ಆಗ ದೇವಣಿಯ ವೀರ್ಯವೇ ಬೇಕೆಂದು ಕೇಳಿ ಪಡೆಯಬೇಕು. ವೀರ್ಯದ ನಳಿಕೆಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಎಸೆಯುವ ಮೊದಲು ಬರೆದುಕೊಳ್ಳತಕ್ಕದ್ದು. ಬೆಳಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಮಾಡಿಸಬೇಕು. ಗಬ್ಬ ನಿಲ್ಲದಿದ್ದರೆ ಸುಮಾರು ೨೧ ದಿನಗಳಿಗೆ ಮತ್ತೆ ಬೆದೆ ಬರುವುದು.

೪. ಪುಸ್ತಕವನ್ನು ಇಡುವ ರೀತಿ

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಗಟ್ಟಿ ರಟ್ಟಿನ ಒಂದು ಲೆಕ್ಕದ ಪುಸ್ತಕ ಸಾಕು. ಒಂದು ರಾಸಿಗೆ ಒಂದು ಪುಟ. ಸರ್ಕಾರದಿಂದ ದನದ ಕಿವಿಗೆ ಹಾಕುವ ಬಿಲ್ಲೆಯ ಹನ್ನೆರಡು ಅಂಕಿಯ ಸಂಖ್ಯೆಯನ್ನೇ ಪುಟದ ತಲೆಯಲ್ಲಿ ಬರೆಯಬೇಕು. ಅದರ ಕೆಳಗೆ ಈ ಕೆಳಕಂಡ ಅಂಶಗಳಿರಬೇಕು:

(ಅ) ಕರೆಯುವ ಹೆಸರು, ಹುಟ್ಟಿದ ದಿನ, ಬಣ್ಣ ಮತ್ತು ಮಚ್ಚೆಗಳು.
(ಆ) ತಂದೆಯ ಸಂಖ್ಯೆ, ತಾಯಿಯ ಸಂಖ್ಯೆ.
(ಇ) ಹೋರಿಗೆ ಬಿಟ್ಟ ದಿನ, ಹೋರಿಯ ಸಂಖ್ಯೆ, ಈದ ದಿನ, ಕರು ಹೆಣ್ಣೋ ಗಂಡೋ.
(ಈ) ಹಾಲಿನ ಲೆಕ್ಕ ಮತ್ತು ಮೈತೂಕ.
(ಉ) ಹಾಕಿಸಿದ ಲಸಿಕೆಗಳು, ಬಂದ ರೋಗಗಳು.
(ಊ) ಮಾರಿದ ಅಥವಾ ಸತ್ತ ದಿನ ಮತ್ತು ಕಾರಣ.

ಹಾಲನ್ನು ದಿನಾಲೂ ಅಳೆಯಬೇಕಾದುದಿಲ್ಲ. ತಿಂಗಳಿಗೆ ಒಂದು ಗೊತ್ತಾದ ದಿನ ಬೆಳಗು ಸಂಜೆ ಅಳೆದು, ಅದನ್ನು ೩೦ ರಿಂದ ಗುಣಿಸಿದರೆ ಆ ತಿಂಗಳಿನ ಹಾಲು ತಿಳಿಯುವುದು. ಒಂದು ಆಕಳು ಹತ್ತು ತಿಂಗಳ ಪರೀಕ್ಷಾ ದಿನಗಳಲ್ಲಿ ಕ್ರಮವಾಗಿ ೫, ೫, ೪½, ೪, ೪, ೩½, ೩, ೨½, ೨, ೧½ ಲೀಟರು ಕೊಟ್ಟಿತೆನ್ನಿರಿ. ಮೊತ್ತ ೩೫; ೩೦ ರಿಂದ ಗುಣಿಸಿದರೆ ೧,೦೫೦ ಲೀಟರು. ಕರುವಿಗೆ ಬಿಡುವ ಮೊಲೆಯ ಪದ್ಧತಿಯನ್ನು ಎಲ್ಲ ಆಕಳುಗಳಿಗೂ ಒಂದೇ ರೀತಿಯಾಗಿ ಅನುಸರಿಸಬೇಕು. ಇಲ್ಲವಾದರೆ ಒಂದನ್ನೊಂದಕ್ಕೆ ಹೋಲಿಸಲಾಗದು.

ತಕ್ಕಡಿಯಿಲ್ಲದೆ ಮೈತೂಕವನ್ನು ತಿಳಿಯುವುದಕ್ಕೂ ಉಪಾಯವಿದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯ ವರೆಗಿನ ಉದ್ದವನ್ನೂ ಅಂಗುಲಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, ೬೬೦ ರಿಂದ ಭಾಗಿಸಿದರೆ ಸುಮಾರು ತೂಕವು ಕಿಲೋಗ್ರಾಮಿನಲ್ಲಿ ಬರುವುದು. ಸುತ್ತಳತೆ ೬೬, ಉದ್ದ ೫೪ ಅಂಗುಲವಿದ್ದ ರಾಸಿನ ತೂಕ ಸುಮಾರು ೩೫೬ ಕಿಲೋ.

ತಿಳಿಯದುದನ್ನು ಊಹಿಸಿ ಬರೆಯಕೂಡದು. ತಂದೆ ಯಾವುದೆಂದು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದೇ ಬರೆಯತಕ್ಕದ್ದು. ಬೆಲೆ ಹೆಚ್ಚಲೆಂದು ಒಂದು ಸುಳ್ಳು ತಂದೆಯನ್ನು ಬರೆದರೆ, ಆ ಸುಳ್ಳು ಮಗಳಿಗೂ ಮೊಮ್ಮಗಳಿಗೂ ಇಳಿಯುವುದು. ಕೊಳ್ಳುವವರು ಒಮ್ಮೆ ಕಂಡುಕೊಂಡರೆಂದರೆ ಊರಿನ ಪುಸ್ತಕವನ್ನೆಲ್ಲ ನಂಬುವುದಿಲ್ಲ.

೫. ಮೇವು ಮತ್ತು ಕರುವಿನ ಪಾಲನೆ

ಒಳ್ಳೆಯ ವಂಶವೂ ಮೇವಿಲ್ಲದಿದ್ದರೆ ಗುಣ ತೋರದು. ದನಕ್ಕೆ ಅದರ ತೂಕದಲ್ಲಿ ನೂರಕ್ಕೆ ಸುಮಾರು ಎರಡೂವರೆ ಪಾಲು ಒಣಮೇವಿನ ಲೆಕ್ಕದಲ್ಲಿ ಆಹಾರ ಬೇಕು. ೩೫೦ ಕಿಲೋ ತೂಕದ ರಾಸಿಗೆ ಎಂಟು ಒಂಬತ್ತು ಕಿಲೋ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದಂಟು ಉಳಿದು ವ್ಯರ್ಥವಾಗುವುದು. ಕತ್ತರಿಸಿ, ತೊಗರಿಯ ಹೊಟ್ಟಿನೊಡನೆ ಬೆರೆಸಿ ಹಾಕಿದರೆ ಪೂರ್ತಿಯಾಗಿ ತಿನ್ನುವುದು. ಗಬ್ಬದ ಕೊನೆಯ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಿ, ದಿನಕ್ಕೆ ಒಂದು ಒಂದೂವರೆ ಕಿಲೋ ಹಿಂಡಿ ತೌಡುಗಳ ಮಿಶ್ರಣವನ್ನು ಹೆಚ್ಚಾಗಿ ಕೊಡಬೇಕು.

ಎಳೆಯ ಜೋಳವನ್ನೂ, ಮಳೆಯಿಲ್ಲದೆ ಬಾಡಿ ಕುಗ್ಗಿದ ಜೋಳವನ್ನೂ, ಕೊಯ್ದ ಬುಡದಿಂದ ಚಿಗುರಿದ ಕೂಳೆಯನ್ನೂ ದನಗಳಿಗೆ ಮೇಯಿಸಕೂಡದು. ಅದರಲ್ಲಿಯ ವಿಷದಿಂದ ರಾಸು ಏದುಸಿರು ಬಿಟ್ಟು ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು. ಪಶುವೈದ್ಯರನ್ನು ತಡಮಾಡದೆ ಕರೆಸಿದರೆ ಇದಕ್ಕೆ ಮದ್ದುಂಟು.

ಆಕಳು ಗಬ್ಬ ಕಟ್ಟಿದ ಸುಮಾರು ೨೮೫ ದಿನಗಳಿಗೆ ಈಯುವುದು. ಕರು ಹುಟ್ಟಿದೊಡನೆ ಹೊಕ್ಕುಳಿಗೆ ಟಿಂಕ್ಚರ್ ಅಯೊಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣದ ಹಾಲನ್ನು ಕುಡಿಸಬೇಕು. ಸತ್ತೆ ಬೀಳುವ ವರೆಗೆ ಕಾಯಿಸುವ ರೂಢಿಯು ಕೆಟ್ಟದ್ದು. ರೋಗವನ್ನು ತಡೆಯುವ ಶಕ್ತಿಯು ಕರುವಿಗೆ ಈ ಹಾಲಿನಿಂದಲೇ ಬರತಕ್ಕದ್ದು. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು ಹಾಲು ಅದಕ್ಕೆ ಸಲ್ಲಬೇಕು.

೬. ರೋಗನಿವಾರಣೆ

ಹಿಂದೆ ಹಿಂಡುಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡ ರೋಗವು ಲಸಿಕೆಯ ಬಲದಿಂದ ನಿರ್ಮೂಲವಾಗಿ, ೨೦೧೧ ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ಊರೂರಿನಲ್ಲಿ ಎಲ್ಲರೂ ಕೂಡಿ ಲಸಿಕೆ ಹಾಕಿಸಿದುದರ ಫಲವಿದು. ಕಾಲುಬಾಯಿ ರೋಗಕ್ಕೆ ಆರು ತಿಂಗಳಿಗೊಮ್ಮೆ, ಗಳಲೆ ಮತ್ತು ಚಪ್ಪೆ ರೋಗಗಳಿಗೆ ಮಳೆಗಾಲದ ಮುಂಚೆ, ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಬ್ರೂಸೆಲ್ಲಾ ರೋಗಕ್ಕೆ ಲಸಿಕೆ ಹಾಕಿಸಬೇಕು. ೨೦೨೨ ರಲ್ಲಿ ಹರಡಿದ ಚರ್ಮಗಂಟು ರೋಗವನ್ನು ಒಕ್ಕಲಿಗರು ಮರೆತಿರಲಾರರು, ಅದಕ್ಕೂ ಲಸಿಕೆಯುಂಟು. ಸಂತೆಯಿಂದ ತಂದ ರಾಸನ್ನು ಮೂರು ವಾರ ಬೇರೆ ಕಟ್ಟಿ ನೋಡಿದ ಮೇಲೆಯೇ ಹಿಂಡಿಗೆ ಸೇರಿಸತಕ್ಕದ್ದು.

೭. ಊರ ಪ್ರಮುಖರು ಮಾಡಬೇಕಾದುದು

ಒಬ್ಬನೇ ಒಕ್ಕಲಿಗನು ತಳಿಯನ್ನು ಉಳಿಸಲಾರನು. ಅವನ ಆಕಳು ಮೇಯುವುದು ಊರಿನ ಹಿಂಡಿನೊಡನೆ. ಆದುದರಿಂದ ಗೌಡರೂ ಗ್ರಾಮ ಪಂಚಾಯಿತಿಯ ಸದಸ್ಯರೂ ಹಿರಿಯ ಹಿಡುವಳಿದಾರರೂ ಸುಗ್ಗಿ ಮುಗಿದ ಮೇಲೆ ಒಂದು ದಿನ ಕೂಡಿ ಈ ನಾಲ್ಕು ಮಾತುಗಳನ್ನು ನಿಶ್ಚಯಿಸಬೇಕು. ಮೊದಲನೆಯದು, ಊರಿಗೆ ಒಂದೇ ತಳಿ. ಎರಡನೆಯದು, ಪ್ರತಿ ಐವತ್ತು ಆಕಳುಗಳಿಗೆ ತಾಯಿ ಗೊತ್ತಿರುವ ಒಂದು ಹೋರಿ, ಅದರ ಮೇವಿಗೆ ಆಕಳುಳ್ಳವರೆಲ್ಲರ ಪಾಲು. ಮೂರನೆಯದು, ಮೂರು ವರ್ಷಕ್ಕೆ ಹೋರಿಯ ಬದಲಾವಣೆ. ನಾಲ್ಕನೆಯದು, ವಂಶಾವಳಿ ಪುಸ್ತಕವು ಒಬ್ಬ ಅಕ್ಷರಸ್ಥನ ವಶದಲ್ಲಿದ್ದು, ಯಾರು ಕೇಳಿದರೂ ನೋಡಲು ಸಿಕ್ಕುವಂತಿರತಕ್ಕದ್ದು. ಬಡವನ ಒಂದೇ ಆಕಳಿಗೂ ಅದರಲ್ಲಿ ಒಂದು ಪುಟವಿರಬೇಕು. ಊರಿನ ಅತ್ಯುತ್ತಮ ಆಕಳು ಅವನ ಹಟ್ಟಿಯಲ್ಲಿಯೇ ಇರಬಹುದು.

ಇಂದು ಹತ್ತು ಆಕಳುಗಳಿಂದ ಆರಂಭಿಸಿದ ಪುಸ್ತಕವು ಇಪ್ಪತ್ತು ವರ್ಷಗಳಲ್ಲಿ ಊರಿನ ಆಸ್ತಿಯಾಗುವುದು. ಮುಂದಿನ ಆಕಳು ಈದ ದಿನವೇ ಅದರ ಮೊದಲ ಪುಟವನ್ನು ಬರೆಯಲು ತಕ್ಕ ದಿನ.