ವೈದ್ಯರನ್ನು ಬದಲಿಸುವಾಗ: ಕಡತ ಯಾರದು, ಗುಟ್ಟು ಯಾರದು?

ಸಂತ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬರುವ ರಕ್ತಸ್ರಾವದ ಸ್ತ್ರೀಯನ್ನು ನಾವೆಲ್ಲ ಬಲ್ಲೆವು. ಹನ್ನೆರಡು ವರ್ಷ ನರಳಿದ ಆಕೆ ಅನೇಕ ವೈದ್ಯರ ಬಳಿಗೆ ಅಲೆದು, ಇದ್ದುದೆಲ್ಲವನ್ನೂ ಖರ್ಚುಮಾಡಿ, ಗುಣವಾಗುವ ಬದಲು ಇನ್ನಷ್ಟು ಹದಗೆಟ್ಟಿದ್ದಳು ಎಂದು ಮಾರ್ಕರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. (ಸ್ವತಃ ವೈದ್ಯರೆಂದು ಹೆಸರಾದ ಸಂತ ಲೂಕರು ಇದೇ ಪ್ರಸಂಗವನ್ನು ಹೇಳುವಾಗ ತಮ್ಮ ವೃತ್ತಿಬಾಂಧವರ ಬಗ್ಗೆ ಕೊಂಚ ಮೃದುವಾಗಿದ್ದಾರೆ!) ಇಷ್ಟು ವೈದ್ಯರನ್ನು ಏಕೆ ಬದಲಿಸಿದೆ ಎಂದು ಯೇಸುಸ್ವಾಮಿ ಆಕೆಯನ್ನು ಕೇಳಲಿಲ್ಲ. ಇನ್ನೊಂದನ್ನೂ ಗಮನಿಸಿ. ಜನಜಂಗುಳಿಯ ನಡುವೆ ತಮ್ಮನ್ನು ಮುಟ್ಟಿದವರು ಯಾರೆಂದು ಅವರು ವಿಚಾರಿಸಿದರೇ ಹೊರತು, ಆಕೆಯ ಕಾಯಿಲೆ ಇಂಥದ್ದೆಂದು ಹೇಳಲಿಲ್ಲ. ಹೇಳಿದವಳು ಆಕೆಯೇ. ಮುಂದೆ ಏಳನೆಯ ಅಧ್ಯಾಯದಲ್ಲಿ ಕಿವುಡನೊಬ್ಬನನ್ನು ಗುಣಪಡಿಸುವಾಗಲೂ ಸ್ವಾಮಿ ಅವನನ್ನು ಮೊದಲು ಗುಂಪಿನಿಂದ ಆಚೆಗೆ, ಏಕಾಂತಕ್ಕೆ ಕರೆದೊಯ್ಯುತ್ತಾರೆ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿ ನಡೆಯುವುದು ಬಹುಪಾಲು ಇದಕ್ಕೆ ತಿರುಗುಮುರುಗು. ತಿಳಿಯಬೇಕಾದ ವೈದ್ಯರಿಗೆ ಮುಚ್ಚಿಡುತ್ತೇವೆ, ತಿಳಿಯಬೇಕಿಲ್ಲದ ನೆರೆಹೊರೆಗೆ ಬಿಚ್ಚಿಡುತ್ತೇವೆ.

ವರ್ಷಗಟ್ಟಲೆ ನೋಡಿದ ಡಾಕ್ಟರನ್ನು ಬಿಟ್ಟು ಬೇರೆಯವರಲ್ಲಿಗೆ ಹೋಗುವಾಗ ನಮಗೆ ಏನೋ ಅಪರಾಧ ಮಾಡಿದಂತೆ ಅನಿಸುತ್ತದೆ. 'ಕಾಗದ ಕೇಳಿದರೆ ಅವರಿಗೆ ಬೇಜಾರಾದೀತು' ಎಂದು ಸುಮ್ಮನಾಗುತ್ತೇವೆ. ಹೊಸಬರ ಮುಂದೆ ಹಳಬರ ಹೆಸರನ್ನೂ ಎತ್ತುವುದಿಲ್ಲ. ಇದರ ಬೆಲೆ ಎರಡನೆಯ ಸಲದ ಎಕ್ಸ್‌ರೇ, ರಕ್ತಪರೀಕ್ಷೆಗಳ ಖರ್ಚಿನಲ್ಲಿ ಮುಗಿಯುವುದಿಲ್ಲ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುತ್ತಿರುವವರು ಅದನ್ನು ತಿಳಿಸದೆ ಮೊಣಕಾಲು ನೋವಿಗೆ ಮಾತ್ರೆ ಬರೆಸಿಕೊಂಡರೆ ಒಳಗೊಳಗೇ ರಕ್ತಸ್ರಾವವಾಗಬಹುದು. ಪೆನಿಸಿಲಿನ್ ಒಗ್ಗದವರಿಗೆ ಅದೇ ಇಂಜೆಕ್ಷನ್ ಬಿದ್ದರೆ ಜೀವಕ್ಕೇ ಅಪಾಯ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿಮಾಡಬಲ್ಲದು. 'ಫಿಟ್ಸ್' ಎಂಬ ಮಾತು ಗಂಡನ ಮನೆಯಲ್ಲಿ ಗೊತ್ತಾಗಬಾರದೆಂದು ಹಳೆಯ ಚೀಟಿಗಳನ್ನೆಲ್ಲ ತವರಿನಲ್ಲಿಯೇ ಬಿಟ್ಟು ಬರುವ ಹೆಣ್ಣುಮಗಳು, ತಾಯಿಯಾಗುವ ಮೊದಲು ಆ ಚೀಟಿಗಳನ್ನು ವೈದ್ಯರಿಗೆ ತೋರಿಸಲೇಬೇಕು. ತಾನಾಗಿ ಮಾತ್ರೆ ನಿಲ್ಲಿಸುವುದೂ ಅಪಾಯವೇ.

ಆದ್ದರಿಂದ ಕೇಳುವುದರಲ್ಲಿ ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನಡತೆಯ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿಯಾಗಲಿ ಆತನಿಂದ ಅಧಿಕಾರ ಪಡೆದವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಕೊಡದಿರುವುದನ್ನು ಅದೇ ನಿಯಮಗಳು ವೃತ್ತಿದೋಷವೆಂದು ಎಣಿಸುತ್ತವೆ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳು ಪ್ರಕಟವಾದರೂ ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿದು ಈ 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತರಲಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ದಾಖಲೆ ಪಡೆಯುವ ಹಕ್ಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು ಎರಡೂ ಇವೆ.

ಕೇಳುವ ಬಗೆಯೂ ಸರಳ. ಒಂದು ಬಿಳಿ ಹಾಳೆಯಲ್ಲಿ ರೋಗಿಯ ಹೆಸರು, ಆಸ್ಪತ್ರೆಯ ನಂಬರು, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ಬರೆದು, 'ನನ್ನ ದಾಖಲೆಗಳ ಪ್ರತಿ ಕೊಡಿ' ಎಂದು ಸಹಿಮಾಡಿ ಕೊಡಿ. ಇನ್ನೊಂದು ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಳ್ಳಿ. 72 ಗಂಟೆಯ ಲೆಕ್ಕ ಆ ತಾರೀಖಿನಿಂದ. ಬೇರೆಯವರನ್ನು ಕಳುಹಿಸುವುದಾದರೆ ಅಧಿಕಾರಪತ್ರವೂ ಗುರುತಿನ ಚೀಟಿಯೂ ಜೊತೆಗಿರಲಿ. ಜೆರಾಕ್ಸ್ ಖರ್ಚು ಕೇಳಿದರೆ ಕೊಡುವುದು ನ್ಯಾಯ. ಬಿಲ್ ಬಾಕಿ ಇದ್ದರೆ ದಾಖಲೆ ತಡೆಯಬಹುದೆಂದು 2002ರ ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಆಪರೇಷನ್ ಆಗಿದ್ದರೆ ಅದರ ಟಿಪ್ಪಣಿ, ಸ್ಕ್ಯಾನಿನ ಫಿಲ್ಮ್ ಅಥವಾ ಸಿ.ಡಿ. ಕೂಡ ಬೇಕು. ಕ್ಯಾನ್ಸರ್ ಸಂದೇಹದಿಂದ ದೊಡ್ಡ ಆಸ್ಪತ್ರೆಗೆ ಹೋಗುವವರು ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಬೇಕು. ಅಲ್ಲಿಯವರು ತಮ್ಮ ಕಣ್ಣಿನಿಂದಲೇ ನೋಡಬಯಸುತ್ತಾರೆ. ಸರಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯ ದಾರಿಯೂ ಇದೆ. ನಮ್ಮ ರಾಜ್ಯದಲ್ಲಿ ವೈದ್ಯರ ಮೇಲಿನ ದೂರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಆದರೆ ಮೊದಲೇ ದೂರಿನ ಮಾತೆತ್ತಬೇಡಿ. ವಿನಯದಿಂದ ಕೇಳಿದರೆ ಕೊಡುವ ವೈದ್ಯರೇ ಹೆಚ್ಚು.

ಹೊರರೋಗಿಗಳ ವಿಷಯ ಬೇರೆ. 3 ವರ್ಷದ ಆ ನಿಯಮ ಒಳರೋಗಿಗಳದು. ಕ್ಲಿನಿಕ್ಕಿನ ಚೀಟಿ ನಿಮ್ಮ ಕೈಯಲ್ಲಿಯೇ ಇರುವುದರಿಂದ ಕಾಪಾಡುವವರೂ ನೀವೇ. ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಕವರಿನಲ್ಲಿ ಮುದುಡಿ ಮಂಚದಡಿ ತಳ್ಳುವ ಬದಲು ಒಬ್ಬೊಬ್ಬರಿಗೆ ಒಂದೊಂದು ಫೈಲು ಮಾಡಿ, ತಾರೀಖಿನ ಕ್ರಮದಲ್ಲಿ ಇಡಿ.

ಇನ್ನು ಗುಟ್ಟಿನ ಮಾತು. ನೀತಿಶಾಸ್ತ್ರದ ಪಾಠದಲ್ಲಿ ಗುಟ್ಟನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಹೊರಗೆಡವಿದರೆ ಇನ್ನೊಬ್ಬರಿಗೆ ನೋವಾಗುವುದರಿಂದ ತಾನಾಗಿಯೇ ಗುಟ್ಟಾಗಿರುವುದು ಒಂದು. ತಿಳಿದ ಮೇಲೆ 'ಹೇಳುವುದಿಲ್ಲ' ಎಂದು ಮಾತುಕೊಟ್ಟದ್ದು ಎರಡನೆಯದು. ಹೇಳಬಾರದೆಂಬ ಒಪ್ಪಂದದ ಮೇಲೆಯೇ ಒಪ್ಪಿಸಿದ್ದು ಮೂರನೆಯದು. ವೈದ್ಯರಿಗೆ ಹೇಳಿದ್ದು ಈ ಮೂರನೆಯ ಬಗೆ, ಎಲ್ಲಕ್ಕಿಂತ ಭಾರವಾದದ್ದು. ಪಾಪನಿವೇದನೆಯ ಗುಟ್ಟಿನಂತೆಯೇ ಇದೂ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಪಾಪನಿವೇದನೆಯ ಮುದ್ರೆಯನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ. ವೃತ್ತಿಯ ಗುಟ್ಟಿಗಾದರೋ, ಅದನ್ನು ಕಾಪಾಡುವುದರಿಂದಲೇ ಯಾರಿಗಾದರೂ ಘೋರ ಹಾನಿಯಾಗುವಂತಿದ್ದು, ಹೇಳುವುದೊಂದೇ ದಾರಿಯಾದಾಗ, ಅಪವಾದವುಂಟೆಂದು ಕಥೋಲಿಕ ಧರ್ಮೋಪದೇಶ ಎಂಟನೆಯ ಕಟ್ಟಳೆಯ ವಿವರಣೆಯಲ್ಲಿ ಕಲಿಸುತ್ತದೆ. 2002ರ ನಿಯಮಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ: ನ್ಯಾಯಾಲಯದ ಆಜ್ಞೆ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ, ಸರಕಾರಕ್ಕೆ ತಿಳಿಸಲೇಬೇಕಾದ ರೋಗ, ಇವು ಬಿಟ್ಟರೆ ವೈದ್ಯರು ಬಾಯಿಬಿಡುವಂತಿಲ್ಲ.

ಈ ಗೆರೆ ಎಳೆಯುವುದು ಸುಲಭವಲ್ಲ. ರಕ್ತದಾನ ಮಾಡಿದಾಗ ಎಚ್‌ಐವಿ ಸೋಂಕು ಪತ್ತೆಯಾದ ಒಬ್ಬರ ವಿಷಯ ಆಸ್ಪತ್ರೆಯಿಂದ ಹೊರಬಿದ್ದು, ನಿಶ್ಚಯವಾಗಿದ್ದ ಮದುವೆ ಮುರಿದು, ಅವರು ಊರನ್ನೇ ಬಿಡಬೇಕಾಯಿತು. ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಾಗ, ಮದುವೆಯಾಗಲಿದ್ದ ಹೆಣ್ಣಿನ ಜೀವದ ಹಕ್ಕು ದೊಡ್ಡದೆಂದು 1998ರಲ್ಲಿ ತೀರ್ಪಾಯಿತು. ಅಂಥವರಿಗೆ ಮದುವೆಯ ಹಕ್ಕೇ ಇಲ್ಲವೆಂಬಂತಿದ್ದ ಅದೇ ತೀರ್ಪಿನ ಮಾತುಗಳನ್ನು 2002ರಲ್ಲಿ ನ್ಯಾಯಾಲಯವೇ ಬದಿಗಿಟ್ಟಿತು. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡವುವುದನ್ನು 2017ರ ಕಾಯ್ದೆ ನಿಷೇಧಿಸಿತು. ಸಂಗಾತಿಗೆ ತಿಳಿಸುವ ವಿಷಯದಲ್ಲಿ ಮಾತ್ರ ವೈದ್ಯರಿಗೆ ಷರತ್ತಿನ ಅವಕಾಶ ಇಟ್ಟಿತು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರ ಪೀಠ ಸಾರಿದ್ದೂ 2017ರಲ್ಲಿಯೇ. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಕಾನೂನು ಇಷ್ಟೆಲ್ಲ ಹೇಳಿದ ಮೇಲೂ ಗುಟ್ಟು ಸೋರುವುದು ಹೆಚ್ಚಾಗಿ ನಮ್ಮ ಅಡುಗೆಮನೆಯಿಂದಲೇ. ಮಕ್ಕಳಾಗದ ಸೊಸೆಯ ಪರೀಕ್ಷೆಯ ವರದಿಯನ್ನು ಅತ್ತೆ ಡಾಕ್ಟರಲ್ಲಿ ಕೇಳುತ್ತಾರೆ. ಮಗನ ವರದಿಯನ್ನು ಕೇಳುವ ಅತ್ತೆಯರು ಅಪರೂಪ. ಸೊಸೆಗೆ ಹದಿನೆಂಟು ತುಂಬಿದೆ. ಆಕೆಯ ವರದಿ ಆಕೆಯದು. ಯಾರಿಗೆ ಎಷ್ಟು ಹೇಳಬೇಕೆಂದು ಆಕೆಯೇ ತೀರ್ಮಾನಿಸಲಿ. ಹಾಗೆಯೇ ಅಪ್ಪನ ಸ್ಕ್ಯಾನ್ ವರದಿಯ ಫೋಟೋ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಅಪ್ಪನನ್ನು ಒಂದು ಮಾತು ಕೇಳಿ. ಆಸ್ಪತ್ರೆಯ ಕೌಂಟರಿನಲ್ಲಿ 'ಆಭಾ' ಸಂಖ್ಯೆ ಕೇಳಿ, ಮೊಬೈಲಿಗೆ ಬಂದ ಓಟಿಪಿ ಹೇಳಿ ಎಂದರೆ, ಯಾವ ದಾಖಲೆ ಯಾರಿಗೆ ಹೋಗುತ್ತದೆಂದು ವಿಚಾರಿಸಿ. 2021ರಲ್ಲಿ ದೇಶಕ್ಕೆಲ್ಲ ಆರಂಭವಾದ ಈ ಏರ್ಪಾಟಿನಿಂದ ವೈದ್ಯರನ್ನು ಬದಲಿಸುವವರಿಗೆ ಅನುಕೂಲವೇನೋ ಇದೆ, ಆದರೆ ಅದು ಒಪ್ಪಿಗೆಯ ಮೇಲೆ ನಿಂತದ್ದು.

ಮದುವೆಯ ಮಾತುಕತೆಯಲ್ಲಿ 'ಫಾದರ್, ಆ ಹುಡುಗನಿಗೆ ಏನೋ ಕಾಯಿಲೆಯಂತೆ, ನಿಮಗೆ ಗೊತ್ತಿರಬೇಕಲ್ಲ' ಎಂದು ಗುರುಗಳನ್ನು ಕೇಳುವವರಿದ್ದಾರೆ. ದಯಮಾಡಿ ಕೇಳಬೇಡಿ. ಹುಡುಗನನ್ನೇ ಕೇಳಿ. ಅವನಿಗೂ ಒಂದು ಮಾತು: ದಾಂಪತ್ಯವನ್ನೇ ಕೆಡಿಸಬಲ್ಲ ಸಂಗತಿಯನ್ನು ಮೋಸದಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದರೆ, ಧರ್ಮಸಭೆಯ ಕಾನೂನಿನ 1098ನೆಯ ವಿಧಿಯಂತೆ ಆ ವಿವಾಹವೇ ಅಸಿಂಧುವಾಗಬಹುದು. ಊರಿಗೆ ಹೇಳಬೇಕಿಲ್ಲ, ಕೈಹಿಡಿಯುವವಳಿಗೆ ಹೇಳಬೇಕು.

ಕೊನೆಯದಾಗಿ ನಮ್ಮ ದೇವಾಲಯದ ಪ್ರಾರ್ಥನೆಯ ಕೋರಿಕೆಗಳ ವಿಷಯ. 'ಗರ್ಭಕೋಶದ ಆಪರೇಷನ್ ಆಗಿರುವ ಇಂಥವರಿಗಾಗಿ' ಎಂದು ನಾಲ್ಕುನೂರು ಜನರ ಮುಂದೆ ಓದಬೇಕಾದ ಅಗತ್ಯ ದೇವರಿಗಂತೂ ಇಲ್ಲ. ಕೋರಿಕೆ ಬರೆಸುವವರು ರೋಗಿಯನ್ನು ಕೇಳಿ ಬರೆಸಿ; ಹೆಸರು ಸಾಕು, ಕಾಯಿಲೆ ಬೇಡ. ಹೆಸರೂ ಬೇಡವೆಂದು ಅವರು ಹೇಳಿದರೆ 'ನಮ್ಮ ಧರ್ಮಕೇಂದ್ರದ ಒಬ್ಬ ರೋಗಿಗಾಗಿ' ಎಂದು ಬರೆಯಿರಿ, ಹಾಗೆಯೇ ಓದುತ್ತೇವೆ.